ಲೋಕಚರಿತ್ರೆಯ ಕುರಿತು ನಮ್ಮ ಮಕ್ಕಳು ಕೇಳುವ ಪ್ರಶ್ನೆಗಳು

ಭಾನುವಾರದ ಮದ್ರಸ ತರಗತಿ ಮುಗಿದಿತ್ತು. ಮಕ್ಕಳೆಲ್ಲ ಕುರ್‌ಆನ್ ಪ್ರತಿಗಳನ್ನು ಕಪಾಟಿನಲ್ಲಿ ಇರಿಸಿ ಹೊರಟಿದ್ದರು. ಎಂಟನೇ ತರಗತಿಯಲ್ಲಿ ಓದುವ, ವಿಜಯನಗರದ ಕಡೆಯ ಬಾಲಕಿಯೊಬ್ಬಳು ಮಾತ್ರ ಬಾಗಿಲ ಬಳಿಯೇ ನಿಂತಿದ್ದಳು. ಏನಮ್ಮಾ ಎಂದು ವಿಚಾರಿಸಿದಾಗ, "ಹಜ್ರತ್, ನಾವು ಎಲ್ಲಿಂದ ಬಂದವರು?" ಎಂದು ಕೇಳಿದಳು.

ಶಾಲೆಯಲ್ಲಿ ದೆಹಲಿ ಸುಲ್ತಾನರ ಪಾಠ ನಡೆದ ದಿನ, ಪಕ್ಕದಲ್ಲಿ ಕುಳಿತುಕೊಳ್ಳುವ ಗೆಳತಿಯೇ ಅವಳನ್ನು ಕೇಳಿದ್ದಳಂತೆ, ನಿಮ್ಮವರು ಕತ್ತಿ ಹಿಡಿದು ಬಂದವರಂತೆ, ಹೌದೇ ಎಂದು. ಆ ಮಾತಿನಲ್ಲಿ ದ್ವೇಷವಿರಲಿಲ್ಲ, ಕುತೂಹಲವಿತ್ತು ಅಷ್ಟೆ. ಉತ್ತರ ತಿಳಿಯದೆ ಇವಳು ತಲೆ ತಗ್ಗಿಸಿದಳು. ಮನೆಗೆ ಬಂದು ಅಬ್ಬಾನನ್ನು ಕೇಳಿದರೆ, ಅವೆಲ್ಲ ನಮಗೇಕೆ, ಓದಿನ ಕಡೆ ಗಮನ ಕೊಡು ಎಂದರು. ಅಣ್ಣನನ್ನು ಕೇಳಿದರೆ ಅವನು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿ, ಜಗತ್ತಿಗೆ ವಿದ್ಯೆ ಕಲಿಸಿದವರೇ ನಾವು, ಹೋಗಿ ಹೇಳು ಎಂದನು. ಅವಳಿಗೆ ಎರಡರಿಂದಲೂ ಸಮಾಧಾನವಾಗಲಿಲ್ಲ.

ನಮ್ಮ ಅನೇಕ ಮನೆಗಳಲ್ಲಿ ಚರಿತ್ರೆಯ ಸ್ಥಿತಿ ಇದೇ ಆಗಿದೆ. ತಂದೆ ಮೌನ, ಮಗ ಜಂಭ. ಇವೆರಡರ ನಡುವೆ ಮಗು ಒಂಟಿಯಾಗುತ್ತದೆ. ಉತ್ತರ ಸಿಗದ ಪ್ರಶ್ನೆಯು ಮಗುವಿನ ಮನಸ್ಸಿನಲ್ಲಿ ನಾಚಿಕೆಯಾಗಿ ಉಳಿಯುತ್ತದೆ, ಇಲ್ಲವೇ ಮುಂದೊಂದು ದಿನ ಸಿಟ್ಟಾಗಿ ಹೊರಬರುತ್ತದೆ. ಆದುದರಿಂದ ಮಕ್ಕಳು ಪದೇ ಪದೇ ಕೇಳುವ ಕೆಲವು ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡು, ಮನೆಯಲ್ಲಿ ಹಿರಿಯರು ಓದಿ ಹೇಳಬಹುದಾದ ರೀತಿಯಲ್ಲಿ ಉತ್ತರಿಸಲು ಯತ್ನಿಸಿದ್ದೇನೆ.

ಉತ್ತರಕ್ಕೆ ಮೊದಲು ಅಳತೆಗೋಲು

ಚರಿತ್ರೆಯನ್ನು ಹೇಗೆ ನೋಡಬೇಕೆಂಬುದಕ್ಕೆ ಪವಿತ್ರ ಕುರ್‌ಆನ್ ನಮಗೆ ಮೂರು ಅಳತೆಗೋಲುಗಳನ್ನು ಕೊಟ್ಟಿದೆ. ನಂಬಿಕೆಗೆ ಅರ್ಹನಲ್ಲದವನು ಸುದ್ದಿ ತಂದರೆ ಅದನ್ನು ಪರಿಶೀಲಿಸದೆ ಒಪ್ಪಬಾರದು, ಒಪ್ಪಿದರೆ ತಿಳಿಯದೆ ಒಂದು ಜನಸಮೂಹಕ್ಕೆ ಹಾನಿ ಮಾಡಿ ಪಶ್ಚಾತ್ತಾಪ ಪಡಬೇಕಾದೀತು ಎಂಬುದು ಒಂದು (49:6). ಸಾಕ್ಷಿ ಹೇಳುವಾಗ ಅದು ನಮಗೆ, ನಮ್ಮ ತಂದೆತಾಯಿಗೆ, ಬಂಧುಗಳಿಗೆ ವಿರುದ್ಧವಾದರೂ ನ್ಯಾಯದ ಪರವೇ ನಿಲ್ಲಬೇಕು ಎಂಬುದು ಎರಡನೆಯದು (4:135). ಗತಿಸಿಹೋದ ಸಮುದಾಯದ ಗಳಿಕೆ ಅವರಿಗೆ, ನಮ್ಮ ಗಳಿಕೆ ನಮಗೆ, ಅವರ ಕರ್ಮಗಳ ಕುರಿತು ನಮ್ಮನ್ನು ವಿಚಾರಿಸಲಾಗದು ಎಂಬುದು ಮೂರನೆಯದು (2:134).

ಈ ಮೂರನೆಯ ಮಾತನ್ನು ತಂದೆತಾಯಂದಿರು ವಿಶೇಷವಾಗಿ ಮನನ ಮಾಡಬೇಕು. ಹಿಂದಿನ ಅರಸನ ತಪ್ಪಿಗೆ ನಮ್ಮ ಮಗು ತಲೆ ತಗ್ಗಿಸಬೇಕಾಗಿಲ್ಲ. ಹಿಂದಿನ ವಿದ್ವಾಂಸನ ಕೀರ್ತಿಯ ಮೇಲೆ ನಮ್ಮ ಮಗ ಮೆರೆಯುವುದಕ್ಕೂ ಹಕ್ಕಿಲ್ಲ. ಅವರ ಲೆಕ್ಕ ಅಲ್ಲಾಹನ ಬಳಿ ಇದೆ. ನಮ್ಮ ಪಾಲಿಗೆ ಉಳಿದಿರುವುದು ಸತ್ಯವನ್ನು ತಿಳಿಯುವ ಮತ್ತು ಅದರಿಂದ ಪಾಠ ಕಲಿಯುವ ಕರ್ತವ್ಯ.

ಪ್ರಶ್ನೆ 1: ಇಸ್ಲಾಮ್ ನಮ್ಮ ನಾಡಿಗೆ ಹೇಗೆ ಬಂತು?

ಮಕ್ಕಳ ಮನಸ್ಸಿನಲ್ಲಿ ಈ ಪ್ರಶ್ನೆಗೆ ಸಿದ್ಧವಾಗಿರುವ ಚಿತ್ರವೆಂದರೆ ಉತ್ತರದಿಂದ ಧೂಳೆಬ್ಬಿಸಿ ಬರುವ ಕುದುರೆ ದಂಡು. ಆದರೆ ಕನ್ನಡ ನಾಡಿನಲ್ಲಿ ಕುದುರೆ ದಂಡಿಗಿಂತ ಬಹಳ ಮೊದಲು ಬಂದದ್ದು ಹಾಯಿ ಹಡಗು.

ಪ್ರವಾದಿ ಮುಹಮ್ಮದ್(ಸ)ರ ಜನನಕ್ಕೂ ಮುಂಚೆಯೇ ಅರಬರು ನಮ್ಮ ಪಶ್ಚಿಮ ಕರಾವಳಿಗೆ ಮೆಣಸು, ಶುಂಠಿ, ಅಕ್ಕಿಗಾಗಿ ಬರುತ್ತಿದ್ದರು. ಮುಂಗಾರಿನ ಗಾಳಿ ಅವರನ್ನು ತರುತ್ತಿತ್ತು, ಗಾಳಿ ತಿರುಗಿದಾಗ ಮರಳಿ ಒಯ್ಯುತ್ತಿತ್ತು. ನಾವು ಹವಾಮಾನ ವರದಿಯಲ್ಲಿ ಕೇಳುವ ಮಾನ್ಸೂನ್ ಎಂಬ ಪದವೇ ಋತು ಎಂಬರ್ಥದ ಅರಬ್ಬಿಯ ಮೌಸಿಮ್‌ನಿಂದ ಹುಟ್ಟಿದ್ದು. ಗಾಳಿ ತಿರುಗುವವರೆಗೆ ತಿಂಗಳುಗಟ್ಟಲೆ ಇಲ್ಲಿ ತಂಗಬೇಕಾಗಿದ್ದ ವರ್ತಕರು ಇಲ್ಲಿಯೇ ಮನೆ ಮಾಡಿದರು, ಸಂಬಂಧ ಬೆಳೆಸಿದರು. 622ರ ಹಿಜ್ರಾದ ನಂತರದ ತಲೆಮಾರುಗಳಲ್ಲಿ ಇದೇ ವರ್ತಕರು ಮುಸ್ಲಿಮರಾಗಿ ಬಂದರು. ಮಂಗಳೂರಿನ ಬಂದರಿನಲ್ಲಿರುವ ಝೀನತ್ ಬಕ್ಷ್ ಮಸೀದಿಯನ್ನು ಮಾಲಿಕ್ ದೀನಾರ್‌ರ ಕಾಲದ್ದೆಂದು ಕರಾವಳಿಯ ಜನರು ನಂಬಿಕೊಂಡು ಬಂದಿದ್ದಾರೆ. ಅದು ಪರಂಪರೆಯ ಮಾತು, ಹಾಗೆಂದೇ ಮಕ್ಕಳಿಗೆ ಹೇಳಬೇಕು. ಶಾಸನ ಮತ್ತು ಪ್ರತ್ಯಕ್ಷದರ್ಶಿಗಳ ಬರಹದ ಆಧಾರ ಇರುವ ಸಂಗತಿಗಳೇ ಸಾಕಷ್ಟಿವೆ.

11ನೇ ಶತಮಾನದಲ್ಲಿ ಗೋವಾದ ಕದಂಬ ಅರಸ ಒಂದನೇ ಜಯಕೇಶಿಯ ಆಡಳಿತದಲ್ಲಿ ಅರಬ್ ವರ್ತಕ ಮನೆತನದ ಮುಸ್ಲಿಮನೊಬ್ಬನು ಉನ್ನತ ಅಧಿಕಾರಿಯಾಗಿದ್ದನು. ಬಂದರಿಗೆ ಬರುವ ಹಡಗುಗಳಿಂದ ಪಡೆದ ಸುಂಕದ ಒಂದು ಪಾಲನ್ನು ಮಸೀದಿಯ ನಿರ್ವಹಣೆಗೆ ಬಿಟ್ಟುಕೊಟ್ಟ ವಿಷಯ ಆ ಕಾಲದ ತಾಮ್ರಶಾಸನದಲ್ಲಿದೆ. ಮಸೀದಿಯನ್ನು ಅದು ಮಿಜಿಗಿತಿ ಎಂದು ಕರೆಯುತ್ತದೆ. ಹಿಂದೂ ಅರಸ, ಮುಸ್ಲಿಮ್ ಅಧಿಕಾರಿ, ಮಸೀದಿಗೆ ರಾಜಾಜ್ಞೆಯ ಆದಾಯ. ದೆಹಲಿಯಲ್ಲಿ ಸುಲ್ತಾನರ ಆಳ್ವಿಕೆ ಆರಂಭವಾಗುವುದಕ್ಕೆ ಇನ್ನೂ ನೂರೈವತ್ತು ವರ್ಷಗಳಿದ್ದ ಕಾಲವದು.

ಸುಮಾರು 1342ರಲ್ಲಿ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ನಮ್ಮ ಕರಾವಳಿಗೆ ಬಂದರು. ಮಂಗಳೂರಿನಲ್ಲಿ ಸುಮಾರು 4,000 ಮುಸ್ಲಿಮರಿದ್ದಾರೆಂದು ಅವರು ದಾಖಲಿಸಿದ್ದಾರೆ. ಹೊನ್ನಾವರದ ಕುರಿತು ಅವರು ಬರೆದಿರುವುದನ್ನು ಪ್ರತಿಯೊಬ್ಬ ತಂದೆಯೂ ತನ್ನ ಮಗಳಿಗೆ ಹೇಳಬೇಕು. ಅಲ್ಲಿ ಗಂಡುಮಕ್ಕಳಿಗೆ 23 ಶಾಲೆಗಳೂ ಹೆಣ್ಣುಮಕ್ಕಳಿಗೆ 13 ಶಾಲೆಗಳೂ ಇದ್ದವು, ಅಲ್ಲಿನ ಮಹಿಳೆಯರು ಕುರ್‌ಆನ್ ಕಂಠಪಾಠ ಮಾಡಿದ್ದರು. ಲೋಕದ ಬಹುಭಾಗ ಸುತ್ತಿದ್ದ ಆ ಪ್ರವಾಸಿ ಇಂಥದನ್ನು ಬೇರೆಲ್ಲಿಯೂ ಕಂಡಿರಲಿಲ್ಲವಂತೆ. ಹೆಣ್ಣುಮಕ್ಕಳ ವಿದ್ಯಾಭ್ಯಾಸವನ್ನು ಹೊಸ ಕಾಲದ ಫ್ಯಾಷನ್ ಎನ್ನುವವರು ಹೊನ್ನಾವರದ ಈ ಹದಿಮೂರು ಶಾಲೆಗಳನ್ನು ನೆನಪಿಟ್ಟುಕೊಳ್ಳಲಿ.

ಪ್ರಶ್ನೆ 2: ಹಾಗಾದರೆ ಖಡ್ಗವೇ ಇರಲಿಲ್ಲವೇ?

ಇತ್ತು. ಇಲ್ಲವೆಂದು ಮಕ್ಕಳಿಗೆ ಹೇಳಿದರೆ ಅವರು ನಾಳೆ ಪಠ್ಯಪುಸ್ತಕ ತೆರೆದು ನಮ್ಮನ್ನೇ ಸುಳ್ಳುಗಾರರೆಂದು ತಿಳಿಯುತ್ತಾರೆ. 1311ರಲ್ಲಿ ಅಲಾವುದ್ದೀನ್ ಖಿಲ್ಜಿಯ ದಂಡನಾಯಕ ಮಲಿಕ್ ಕಾಫೂರನು ಹೊಯ್ಸಳರ ದೋರಸಮುದ್ರಕ್ಕೆ, ಅಂದರೆ ಇಂದಿನ ಹಳೇಬೀಡಿಗೆ, ದಂಡೆತ್ತಿ ಬಂದು ಸಂಪತ್ತನ್ನು ದೋಚಿಕೊಂಡು ಹೋದನು. ಅದಕ್ಕೂ ಮೂರು ಶತಮಾನ ಮೊದಲು ಘಜ್ನಿಯ ಮಹಮೂದನು ಉತ್ತರ ಭಾರತದ ಮೇಲೆ ದಾಳಿ ನಡೆಸಿದ್ದನು. ಇವು ನಡೆದ ಸಂಗತಿಗಳು.

ಘಜ್ನಿಯ ಆಶ್ರಯದಲ್ಲಿಯೇ ಇದ್ದ ಮಹಾ ವಿದ್ವಾಂಸ ಅಲ್‌ಬಿರೂನಿ ಸಂಸ್ಕೃತ ಕಲಿತು, ಇಲ್ಲಿನ ಪಂಡಿತರ ಬಳಿ ಕುಳಿತು, ಸುಮಾರು 1030ರಲ್ಲಿ ಭಾರತದ ಬಗ್ಗೆ ಒಂದು ಬೃಹತ್ ಗ್ರಂಥವನ್ನು ರಚಿಸಿದರು. ಮಹಮೂದನ ದಾಳಿಗಳು ಈ ದೇಶದ ಸಮೃದ್ಧಿಯನ್ನು ಹಾಳುಮಾಡಿದವು, ಇಲ್ಲಿನ ಜನರಲ್ಲಿ ಮುಸ್ಲಿಮರ ಬಗ್ಗೆ ಆಳವಾದ ಅಸಹ್ಯವನ್ನು ಉಳಿಸಿದವು ಎಂದು ಅದರಲ್ಲಿ ಅವರು ಮುಚ್ಚುಮರೆಯಿಲ್ಲದೆ ದಾಖಲಿಸಿದರು. ಸಾವಿರ ವರ್ಷಗಳ ಹಿಂದೆ ಒಬ್ಬ ಮುಸ್ಲಿಮ್ ವಿದ್ವಾಂಸನಿಗೆ ತನ್ನ ಸುಲ್ತಾನನ ಬಗ್ಗೆ ನಿಜ ಬರೆಯುವ ಧೈರ್ಯವಿತ್ತು. ಆ ಸುಲ್ತಾನನ ಋಣವೇನೂ ಇಲ್ಲದ ನಮಗೆ ಅದನ್ನು ಹೇಳಲು ಅಂಜಿಕೆ ಏಕೆ?

ದಂಡು ರಾಜ್ಯವನ್ನು ಗೆದ್ದಿತು ಎಂಬುದು ನಿಜ. ಆ ದಂಡೇ ಧರ್ಮವನ್ನು ಹಬ್ಬಿಸಿತೇ ಎಂಬುದು ಬೇರೆ ಪ್ರಶ್ನೆ. ಇದಕ್ಕೆ ನಮ್ಮ ಜನಗಣತಿಯೇ ಉತ್ತರ ಕೊಡುತ್ತದೆ. ಆದಿಲ್‌ಶಾಹಿ ಸುಲ್ತಾನರು ವಿಜಾಪುರವನ್ನು ರಾಜಧಾನಿ ಮಾಡಿಕೊಂಡು 1686ರವರೆಗೆ ಸುಮಾರು ಎರಡು ಶತಮಾನ ಆಳಿದರು. ಆ ಜಿಲ್ಲೆಯಲ್ಲಿ 2011ರ ಗಣತಿಯಂತೆ ಮುಸ್ಲಿಮರು ಸುಮಾರು ಶೇಕಡಾ 17. ದಕ್ಷಿಣ ಕನ್ನಡವು ಹೈದರ್ ಮತ್ತು ಟಿಪ್ಪುವಿನ ಮೂರೂವರೆ ದಶಕಗಳನ್ನು ಬಿಟ್ಟರೆ ಮುಸ್ಲಿಮ್ ಅರಸರ ಕೈಯಲ್ಲಿ ಇರಲೇ ಇಲ್ಲ. ಅಲ್ಲಿ ಮುಸ್ಲಿಮರು ಸುಮಾರು ಶೇಕಡಾ 24. ಕತ್ತಿಯೇ ಧರ್ಮವನ್ನು ಹಬ್ಬಿಸಿದ್ದರೆ ಈ ಎರಡು ಸಂಖ್ಯೆಗಳು ಅದಲುಬದಲಾಗಿರಬೇಕಾಗಿತ್ತು.

ಜಗತ್ತಿನತ್ತ ನೋಡಿದರೂ ಇದೇ ಕಾಣುತ್ತದೆ. ಅತಿ ಹೆಚ್ಚು ಮುಸ್ಲಿಮರಿರುವ ಇಂಡೋನೇಷ್ಯಾಕ್ಕೆ ಯಾವ ಅರಬ್ ಸೇನೆಯೂ ಹೋಗಿರಲಿಲ್ಲ, ಹೋದವರು ವರ್ತಕರು ಮತ್ತು ಸೂಫಿಗಳು. 1258ರಲ್ಲಿ ಮಂಗೋಲರ ಹುಲಾಗು ಖಾನನು ಬಗ್ದಾದನ್ನು ನೆಲಸಮ ಮಾಡಿ ಖಲೀಫರನ್ನು ಕೊಂದನು. ಆಗ ಖಡ್ಗವಿದ್ದದ್ದು ಮಂಗೋಲರ ಕೈಯಲ್ಲಿ. ಹಾಗಿದ್ದೂ ನಾಲ್ಕು ದಶಕ ಕಳೆಯುವ ಮೊದಲೇ, 1295ರಲ್ಲಿ, ಹುಲಾಗುವಿನ ಮರಿಮೊಮ್ಮಗ ಘಾಜಾನನು ಇಸ್ಲಾಮನ್ನು ಸ್ವೀಕರಿಸಿದನು. ಗೆದ್ದವನು ಸೋತವನ ಧರ್ಮವನ್ನು ಒಪ್ಪಿಕೊಂಡನು. ಧರ್ಮದಲ್ಲಿ ಬಲಾತ್ಕಾರವಿಲ್ಲವೆಂಬ ಕುರ್‌ಆನಿನ ಆದೇಶವನ್ನು (2:256) ಯಾವುದಾದರೂ ಅರಸ ಎಲ್ಲಿಯಾದರೂ ಮೀರಿದ್ದರೆ ಅದು ಅವನ ಅಪರಾಧ. ಅದರ ಲೆಕ್ಕವನ್ನು ಅವನೇ ಕೊಡಬೇಕು.

ಪ್ರಶ್ನೆ 3: ವಿಜಯನಗರವನ್ನು ಹಾಳುಮಾಡಿದವರು ನಾವೇ ಅಲ್ಲವೇ?

ವಿಜಯನಗರ ಬಡಾವಣೆಯಲ್ಲಿ ವಾಸಿಸುವ ಮಗುವಿಗೆ ಈ ಪ್ರಶ್ನೆ ಮತ್ತೂ ಹತ್ತಿರದ್ದು. ದಿನವೂ ಬಸ್ಸಿನ ಫಲಕದಲ್ಲಿ, ಮೆಟ್ರೋ ನಿಲ್ದಾಣದಲ್ಲಿ ಅದು ಓದುವ ಹೆಸರು ಆ ಸಾಮ್ರಾಜ್ಯದ್ದೇ.

1565ರ ಜನವರಿಯಲ್ಲಿ ರಕ್ಕಸತಂಗಡಿಯ ಯುದ್ಧದಲ್ಲಿ ದಖನಿನ ಸುಲ್ತಾನರು ಒಂದಾಗಿ ವಿಜಯನಗರದ ಅಳಿಯ ರಾಮರಾಯನನ್ನು ಸೋಲಿಸಿ ಕೊಂದರು. ಆ ವೈಭವದ ನಗರ ಸೂರೆಯಾಯಿತು. ಹಂಪಿಯ ಕಲ್ಲುಗಳು ಇಂದಿಗೂ ಅದಕ್ಕೆ ಸಾಕ್ಷಿ. ಆದರೆ ಅದಕ್ಕೆ ಹಿಂದಿನ ವರ್ಷಗಳ ಕಥೆಯನ್ನೂ ಹೇಳಬೇಕು. ವಿಜಾಪುರದ ಅಲಿ ಆದಿಲ್‌ಶಾಹನು ಪಟ್ಟಕ್ಕೆ ಬಂದ ಹೊಸದರಲ್ಲಿ ತಾನೇ ವಿಜಯನಗರಕ್ಕೆ ಬಂದು ರಾಮರಾಯನ ಅತಿಥಿಯಾಗಿದ್ದನು, ರಾಮರಾಯನ ಪತ್ನಿ ಅವನನ್ನು ಮಗನೆಂದು ಕಂಡಳು. ಅನಂತರ ಇಬ್ಬರೂ ಕೂಡಿ ಅಹಮದ್‌ನಗರದ ನಿಜಾಮ್‌ಶಾಹಿ ಸುಲ್ತಾನನ ಮೇಲೆ ದಂಡೆತ್ತಿ ಹೋದರು. ಒಬ್ಬ ಸುಲ್ತಾನನನ್ನು ಇನ್ನೊಬ್ಬನ ಮೇಲೆ ಎತ್ತಿಕಟ್ಟುವ ರಾಮರಾಯನ ರಾಜಕಾರಣ ಕೊನೆಗೆ ಎಲ್ಲರನ್ನೂ ಅವನ ವಿರುದ್ಧ ಒಗ್ಗೂಡಿಸಿತು. ಕೋಟೆ, ಕಪ್ಪ, ಗಡಿಗಳಿಗಾಗಿ ನಡೆದ ಜಗಳವದು.

ವಿಜಯನಗರದ ಒಳಗೂ ಮುಸ್ಲಿಮರಿದ್ದರು. ಎರಡನೇ ದೇವರಾಯನು ತನ್ನ ಸೈನ್ಯಕ್ಕೆ ಮುಸ್ಲಿಮ್ ಬಿಲ್ಲುಗಾರರನ್ನೂ ರಾವುತರನ್ನೂ ಸೇರಿಸಿಕೊಂಡಿದ್ದನು. ಅವನ ಸೇವೆಯಲ್ಲಿದ್ದ ಅಹಮದ್ ಖಾನನು 1439ರಲ್ಲಿ ರಾಜಧಾನಿಯಲ್ಲಿ ಕಟ್ಟಿಸಿದ ಮಸೀದಿ ಹಂಪಿಯಲ್ಲಿ ಇಂದಿಗೂ ನಿಂತಿದೆ. ಅದರ ಶಾಸನ ಕನ್ನಡದಲ್ಲಿದೆ, ಕಟ್ಟಡವನ್ನು ಅದು ಧರ್ಮಶಾಲೆಯೆಂದು ಕರೆಯುತ್ತದೆ, ಅರಸನಿಗೆ ಪುಣ್ಯವಾಗಲೆಂದು ಕಟ್ಟಿಸಿದ್ದೆಂದು ಹೇಳುತ್ತದೆ. ಹಂಪಿಗೆ ಪ್ರವಾಸ ಹೋಗುವ ನಮ್ಮ ಕುಟುಂಬಗಳು ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಂಡು ಮರಳುತ್ತವೆ. ಮುಂದಿನ ಸಲ ಅಹಮದ್ ಖಾನನ ಮಸೀದಿಯನ್ನೂ ಮಕ್ಕಳಿಗೆ ತೋರಿಸಿ. ವಿಜಯನಗರದ ವೈಭವವೂ ಅದರ ನಾಶದ ದುಃಖವೂ ಎಲ್ಲ ಕನ್ನಡಿಗರದು. ಅದರಲ್ಲಿ ನಮಗೂ ಪಾಲಿದೆ.

ಪ್ರಶ್ನೆ 4: ನಾವು ಹೊರಗಿನವರೇ?

ಹೊರಗಿನಿಂದ ಬಂದವರೂ ಇದ್ದರು. ಅರಬ್ ವರ್ತಕರು, ಇರಾನಿನ ವಿದ್ವಾಂಸರು, ತುರ್ಕಿ ಸೈನಿಕರು, ಉತ್ತರದಿಂದ ಬಂದ ಸೂಫಿಗಳು. ಕಲಬುರಗಿಯ ಖ್ವಾಜಾ ಬಂದೇ ನವಾಜ್ ದೆಹಲಿಯಿಂದ ಬಂದವರು, 1422ರಲ್ಲಿ ಅಲ್ಲಿಯೇ ನಿಧನರಾದರು. ಆದರೆ ಬಂದವರ ಸಂಖ್ಯೆ ಎಂದಿಗೂ ಚಿಕ್ಕದು. ನಮ್ಮಲ್ಲಿ ಬಹುಪಾಲು ಜನರು ಇದೇ ಮಣ್ಣಿನ ರೈತರು, ನೇಕಾರರು, ಕುಶಲಕರ್ಮಿಗಳ ಸಂತತಿ.

ಇದನ್ನು ನಮ್ಮ ಮನೆಮಾತುಗಳೇ ಹೇಳುತ್ತವೆ. ಕರಾವಳಿಯ ಬ್ಯಾರಿಗಳಿಗೆ ಬ್ಯಾರಿ ಭಾಷೆ ಇದೆ, ಭಟ್ಕಳದ ನವಾಯತರಿಗೆ ಕೊಂಕಣಿಗೆ ಹತ್ತಿರದ ನವಾಯತಿ ಇದೆ. ಹತ್ತಿ ಹಿಂಜುವ ಕಾಯಕದ ನದಾಫ, ಪಿಂಜಾರ ಕುಟುಂಬಗಳಲ್ಲಿ ಅನೇಕರ ಮನೆಮಾತು ಕನ್ನಡವೇ. ಬೆಂಗಳೂರಿನ ನಾವು ಆಡುವ ದಖ್ಖನಿ ಉರ್ದು ಕೂಡ ಲಖನೌದ ಉರ್ದುವಲ್ಲ, ಅದು ದಖನಿನ ನೆಲದಲ್ಲಿಯೇ ಬೆಳೆದದ್ದು. ಇತ್ತ ಕನ್ನಡವೂ ಜಿಲ್ಲೆ, ತಾಲ್ಲೂಕು, ಅರ್ಜಿ, ವಕೀಲ, ಕಾಗದ ಎಂಬ ಪದಗಳನ್ನು ಅರಬ್ಬಿ ಮತ್ತು ಪಾರ್ಸಿಯಿಂದ ಪಡೆದು ತನ್ನದಾಗಿಸಿಕೊಂಡಿದೆ. ಕಚೇರಿಗೆ ಅರ್ಜಿ ಬರೆಯುವ ಯಾವ ಕನ್ನಡಿಗನೂ ಇವು ಪರಭಾಷೆಯ ಪದಗಳೆಂದು ಎಣಿಸುವುದಿಲ್ಲ. ಶಿಶುನಾಳದ ಶರೀಫರಿಂದ ಹಿಡಿದು ದೇವನಹಳ್ಳಿಯಲ್ಲಿ ಹುಟ್ಟಿದ ಕೆ.ಎಸ್. ನಿಸಾರ್ ಅಹಮದ್‌ರವರೆಗೆ ನಮ್ಮವರು ಈ ಭಾಷೆಗೆ ಕೊಟ್ಟದ್ದನ್ನು ನಾಡು ಹಾಡಿಕೊಳ್ಳುತ್ತಿದೆ.

ಇಲ್ಲಿ ಇನ್ನೊಂದು ಮಾತನ್ನು ಸ್ವವಿಮರ್ಶೆಗಾಗಿ ಹೇಳಬೇಕು. ನಮ್ಮಲ್ಲಿ ಕೆಲವರು ತಮ್ಮ ವಂಶ ಅರಬಸ್ತಾನದ್ದು, ಇರಾನಿನದು ಎಂದು ಹೇಳಿಕೊಂಡು ಹೆಮ್ಮೆ ಪಡುತ್ತಾರೆ, ಇಲ್ಲಿಯೇ ಇಸ್ಲಾಮ್ ಸ್ವೀಕರಿಸಿದವರ ಮನೆಯಿಂದ ಹೆಣ್ಣು ತರಲು ಹಿಂಜರಿಯುತ್ತಾರೆ. ಅರಬನಿಗೆ ಅರಬೇತರನ ಮೇಲೆ ಯಾವ ಶ್ರೇಷ್ಠತೆಯೂ ಇಲ್ಲ, ದೇವಭಯವೊಂದೇ ಶ್ರೇಷ್ಠತೆಗೆ ಆಧಾರ ಎಂಬುದು ಪ್ರವಾದಿ(ಸ)ರ ವಿದಾಯ ಸಂದೇಶದ ತಿರುಳು. ಬೇರೆಯವರು ನಮ್ಮನ್ನು ಹೊರಗಿನವರೆಂದಾಗ ನೋಯುವ ನಾವೇ, ನಮ್ಮ ಮನೆಗಳಲ್ಲಿ ಹೊರಗಿನವರಾಗಿರುವುದನ್ನು ದೊಡ್ಡಸ್ತಿಕೆಯೆಂದು ಬಗೆದರೆ ಮಗು ಯಾವುದನ್ನು ನಂಬಬೇಕು?

ಪ್ರಶ್ನೆ 5: ಮುಸ್ಲಿಮರು ಜಗತ್ತಿಗೆ ಏನನ್ನು ಕೊಟ್ಟರು?

ಆ ಬಾಲಕಿಯ ಅಣ್ಣ ಉತ್ತರಿಸಿದ್ದು ಈ ಪ್ರಶ್ನೆಗೆ. ಅವನ ಉತ್ತರ ಪೂರ್ಣ ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ.

ಗಣಿತದ ಉದಾಹರಣೆ ನೋಡೋಣ. 8ನೇ ಶತಮಾನದಲ್ಲಿ ಖಲೀಫಾ ಅಲ್‌ಮನ್ಸೂರರ ಆಸ್ಥಾನಕ್ಕೆ ಭಾರತದಿಂದ ಖಗೋಳ ಗ್ರಂಥಗಳು ತಲುಪಿ ಅರಬ್ಬಿಗೆ ಅನುವಾದಗೊಂಡವು. ಮುಂದಿನ ಶತಮಾನದಲ್ಲಿ ಬಗ್ದಾದಿನ ಅಲ್‌ಖ್ವಾರಿಜ್ಮಿ ಸೊನ್ನೆಯೂ ಒಳಗೊಂಡ ಭಾರತೀಯ ಅಂಕಿಗಳಿಂದ ಲೆಕ್ಕ ಮಾಡುವ ಕ್ರಮವನ್ನು ವಿವರಿಸಿ ಗ್ರಂಥ ಬರೆದರು. ಅದು ಲ್ಯಾಟಿನಿಗೆ ಹೋಗಿ ಯೂರೋಪನ್ನು ತಲುಪಿತು. ಇಂದು ಐಟಿ ಕಂಪನಿಗಳ ನಮ್ಮ ಯುವಕರು ದಿನವೂ ಉಚ್ಚರಿಸುವ ಅಲ್ಗಾರಿದಮ್ ಎಂಬ ಪದ ಅವರ ಹೆಸರಿನಿಂದಲೇ ಬಂದದ್ದು. ಯೂರೋಪಿಯನ್ನರು ಈ ಅಂಕಿಗಳನ್ನು ಅರಬ್ ಅಂಕಿಗಳೆಂದು ಕರೆದರು. ಅರಬರಾದರೋ ಅವುಗಳನ್ನು ಮೊದಲಿನಿಂದಲೂ ಹಿಂದೀ ಅಂಕಿಗಳು, ಅಂದರೆ ಹಿಂದೂಸ್ತಾನದ ಅಂಕಿಗಳು ಎಂದೇ ಕರೆದರು. ಯಾರಿಂದ ಕಲಿತೆವೋ ಅವರ ಹೆಸರನ್ನು ಅಳಿಸದಿರುವುದು ಆ ವಿದ್ವಾಂಸರ ಶೀಲ. ನಮ್ಮ ವಿಡಿಯೊಗಳಲ್ಲಿ ಅಲ್‌ಖ್ವಾರಿಜ್ಮಿಯವರ ಹೆಸರಿದೆ, ಅವರ ಆ ಶೀಲ ಕಾಣುವುದಿಲ್ಲ.

ಇನ್ನೊಂದು ಉದಾಹರಣೆ ನಮ್ಮ ಪಕ್ಕದ ಕೆಂಗೇರಿಯಲ್ಲಿದೆ. ರೇಷ್ಮೆಯ ರಹಸ್ಯವನ್ನು ಚೀನೀಯರು ಶತಮಾನಗಳ ಕಾಲ ಕಾಪಾಡಿಕೊಂಡಿದ್ದರು. 6ನೇ ಶತಮಾನದ ಮಧ್ಯದಲ್ಲಿ, ಪ್ರವಾದಿ(ಸ)ರ ಜನನಕ್ಕೆ ಕೆಲವೇ ವರ್ಷಗಳ ಮೊದಲು, ಕ್ರೈಸ್ತ ಸನ್ಯಾಸಿಗಳು ರೇಷ್ಮೆಹುಳುವಿನ ಮೊಟ್ಟೆಗಳನ್ನು ಗುಟ್ಟಾಗಿ ರೋಮ್ ಸಾಮ್ರಾಜ್ಯದ ಕಾನ್‌ಸ್ಟಾಂಟಿನೋಪಲ್‌ಗೆ ತಂದರು. ಮುಂದೆ ಈ ವಿದ್ಯೆಯನ್ನು ಸ್ಪೇನಿಗೂ ಸಿಸಿಲಿಗೂ ಒಯ್ದವರು ಮುಸ್ಲಿಮರು. ಇತ್ತ ಮೈಸೂರು ಸೀಮೆಯಲ್ಲಿ ಟಿಪ್ಪು ಸುಲ್ತಾನರು ಬಂಗಾಳದಿಂದ ಹುಳು ತರಿಸಿ, ಹಿಪ್ಪುನೇರಳೆ ಬೆಳೆಸಿ ರೇಷ್ಮೆ ಕೃಷಿಗೆ ಬುನಾದಿ ಹಾಕಿದರು. 1860ರ ದಶಕದಲ್ಲಿ ಇಲ್ಲಿನ ಹುಳುಗಳು ರೋಗದಿಂದ ನಾಶವಾಗುತ್ತಿದ್ದಾಗ ಇಟಲಿಯ ಡಿ ವೆಕ್ಕಿ ಎಂಬವರು ಜಪಾನಿನ ಮೊಟ್ಟೆ ತರಿಸಿ, ಕೆಂಗೇರಿಯಲ್ಲಿ ಉಗಿಯಂತ್ರದಿಂದ ನೂಲು ತೆಗೆಯುವ ಕಾರ್ಖಾನೆ ನಡೆಸಿದರು. ಇಂದು ರಾಮನಗರ, ಚನ್ನಪಟ್ಟಣ, ಶಿಡ್ಲಘಟ್ಟಗಳಲ್ಲಿ ಬಿಸಿನೀರಿನಲ್ಲಿ ಕೈ ಅದ್ದಿ ಗೂಡಿನಿಂದ ನೂಲು ಬಿಚ್ಚುವವರಲ್ಲಿ ನಮ್ಮ ಸಮುದಾಯದ ಸಾವಿರಾರು ಕುಟುಂಬಗಳಿವೆ. ಗೂಡು ಬೆಳೆಯುವವನು ರೈತ, ಸೀರೆ ನೇಯುವವನು ಇನ್ನೊಬ್ಬ, ಉಡುವವಳು ಮತ್ತೊಬ್ಬಳು. ಒಂದು ಮೈಸೂರು ರೇಷ್ಮೆ ಸೀರೆಯ ಹಿಂದೆ ಚೀನಾ, ಬಂಗಾಳ, ಇಟಲಿ, ಜಪಾನುಗಳಿವೆ. ಇದರಲ್ಲಿ ನಮ್ಮದು ಎಷ್ಟು ಎಂದು ಬೇರ್ಪಡಿಸಿ ಅಳೆಯಲು ಹೊರಟರೆ ನೂಲೇ ಹರಿದೀತು.

ಪ್ರಶ್ನೆ 6: ಟಿಪ್ಪು ಸುಲ್ತಾನರು ಒಳ್ಳೆಯವರೇ, ಕೆಟ್ಟವರೇ?

ನವೆಂಬರ್ ಬಂತೆಂದರೆ ಬೆಂಗಳೂರಿನ ಮಕ್ಕಳು ಈ ಪ್ರಶ್ನೆಯನ್ನು ಹೊತ್ತು ಬರುತ್ತಾರೆ. ನಾವು ಏನನ್ನೂ ಬಚ್ಚಿಡದೆ ಉತ್ತರಿಸಬೇಕು.

ಬ್ರಿಟಿಷರ ಎದುರು ರಾಜಿಯಾಗದೆ, 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಹೋರಾಡುತ್ತ ಮಡಿದ ಅರಸರು ಅವರು. ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್ಟುಗಳನ್ನು ಕಂಡು ಬ್ರಿಟಿಷರು ತಮ್ಮ ಕಾಂಗ್ರೀವ್ ರಾಕೆಟ್ಟುಗಳನ್ನು ರೂಪಿಸಿದರು. 1791ರಲ್ಲಿ ಮರಾಠಾ ಪಡೆ ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಟಿಪ್ಪು ಮಠದ ಗುರುಗಳಿಗೆ ಗೌರವದಿಂದ ಕನ್ನಡದಲ್ಲಿ ಪತ್ರ ಬರೆದು, ದೇವಿಯ ಮರುಪ್ರತಿಷ್ಠೆಗೆ ಹಣ ಕಳುಹಿಸಿದರು. ಆ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು. ಇವು ದಾಖಲೆಗಳು.

1784ರಲ್ಲಿ ಮಂಗಳೂರಿನ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದೂ, ದಾರಿಯಲ್ಲಿ ಮತ್ತು ಸೆರೆಯಲ್ಲಿ ಅನೇಕರು ಪ್ರಾಣ ಬಿಟ್ಟದ್ದೂ ನಿಜ. ಕೊಡಗಿನ ಜನರನ್ನು ಸೆರೆಹಿಡಿದು ಸಾಗಿಸಿದ್ದೂ ನಿಜ. ಅವರು ಬ್ರಿಟಿಷರಿಗೆ ನೆರವಾದರೆಂಬ, ಬಂಡೆದ್ದರೆಂಬ ಕಾರಣಗಳನ್ನು ಇತಿಹಾಸಕಾರರು ಕೊಡುತ್ತಾರೆ, ಸಂಖ್ಯೆಗಳ ಬಗ್ಗೆ ವಾದವಿದೆ. ಆದರೆ ಹೆಂಗಸರು, ಮಕ್ಕಳೆನ್ನದೆ ಒಂದು ಜನಸಮೂಹವನ್ನೇ ಶಿಕ್ಷಿಸುವುದನ್ನು ಇಸ್ಲಾಮಿನ ನ್ಯಾಯ ಒಪ್ಪುವುದಿಲ್ಲ. ಒಬ್ಬನ ಹೊರೆಯನ್ನು ಇನ್ನೊಬ್ಬನು ಹೊರಲಾರ ಎಂಬುದು ಕುರ್‌ಆನಿನ ನಿಯಮ. ಮಂಗಳೂರಿನ ಕ್ರೈಸ್ತ ಸಹೋದರನೂ ಕೊಡವ ಸಹೋದರಿಯೂ ತಮ್ಮ ಹಿರಿಯರ ಆ ನೋವನ್ನು ಹೇಳಿದಾಗ ನಾವು ತಾಳ್ಮೆಯಿಂದ ಕೇಳಬೇಕು. ಕೇಳಿ, ಅದು ಅನ್ಯಾಯವಾಗಿತ್ತು ಎನ್ನಬೇಕು. ಹಾಗೆಂದಾಗ ಶೃಂಗೇರಿಯ ಪತ್ರಗಳ ಬಗ್ಗೆ ನಾವು ಹೇಳುವ ಮಾತಿಗೂ ತೂಕ ಬರುತ್ತದೆ. ಟಿಪ್ಪು ಪ್ರವಾದಿಯಲ್ಲ, ಸ್ವಹಾಬಿಯಲ್ಲ. ಒಳಿತನ್ನೂ ತಪ್ಪನ್ನೂ ಮಾಡಿದ ಒಬ್ಬ ಅರಸರು.

ಪ್ರಶ್ನೆ 7: ಮೊಬೈಲಿಗೆ ಬರುವುದರಲ್ಲಿ ಯಾವುದು ನಿಜವೆಂದು ತಿಳಿಯುವುದು ಹೇಗೆ?

ಹದೀಸ್ ವಿದ್ವಾಂಸರು ಪ್ರತಿಯೊಂದು ವರದಿಗೂ ಎರಡು ಪ್ರಶ್ನೆ ಕೇಳುತ್ತಿದ್ದರು. ಇದನ್ನು ಹೇಳಿದವರು ಯಾರು? ಅವರು ಯಾರಿಂದ ಕೇಳಿದರು? ಸರಪಳಿಯ ಒಂದು ಕೊಂಡಿ ಸಡಿಲವಾದರೂ ವರದಿಯನ್ನು ದುರ್ಬಲವೆಂದು ಬದಿಗಿಡುತ್ತಿದ್ದರು. 1377ರಲ್ಲಿ ಮುಕದ್ದಿಮವನ್ನು ಬರೆದ ಇಬ್ನ್ ಖಲ್ದೂನ್ ಮೂರನೆಯ ಪ್ರಶ್ನೆಯನ್ನು ಸೇರಿಸಿದರು. ಇದು ನಡೆಯಲು ಸಾಧ್ಯವೇ? ಹಿಂದಿನವರು ಬರೆದ ಲಕ್ಷಗಟ್ಟಲೆ ಸೈನ್ಯದ ಲೆಕ್ಕಗಳನ್ನು ಎತ್ತಿಕೊಂಡು, ಅಷ್ಟು ಜನ ಆ ನೆಲದಲ್ಲಿ ನಿಲ್ಲಲಾದರೂ ಸ್ಥಳವಿತ್ತೇ ಎಂದು ಅವರು ವಿಚಾರಿಸಿದರು. ಈ ಮೂರು ಪ್ರಶ್ನೆಗಳನ್ನು ನಮ್ಮ ಮಕ್ಕಳಿಗೆ ಕಲಿಸಿದರೆ ಅರ್ಧ ಚರಿತ್ರೆ ಕಲಿಸಿದಂತೆ.

ಕಲಿಸದಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮ ಬೀದರಿನಲ್ಲಿಯೇ ಸಾಕ್ಷಿ ಇದೆ. ಇರಾನಿನ ಗೀಲಾನ್ ಪ್ರಾಂತದಿಂದ ಬಂದ ಮಹಮೂದ್ ಗವಾನ್ ಬಹಮನಿ ರಾಜ್ಯದ ಪ್ರಧಾನಿಯಾಗಿದ್ದರು. ಸ್ವತಃ ವಿದ್ವಾಂಸರು, ಸರಳ ಬದುಕಿನವರು. 1472ರಲ್ಲಿ ಅವರು ಬೀದರಿನಲ್ಲಿ ಕಟ್ಟಿಸಿದ ಮೂರಂತಸ್ತಿನ ಮದ್ರಸವು ದೂರದ ನಾಡುಗಳ ವಿದ್ವಾಂಸರನ್ನು ಸೆಳೆಯಿತು, ಅದರ ಗ್ರಂಥಾಲಯದಲ್ಲಿ ಸುಮಾರು 3,000 ಗ್ರಂಥಗಳಿದ್ದವೆಂದು ಹೇಳಲಾಗುತ್ತದೆ. ಆಸ್ಥಾನದ ಎದುರಾಳಿಗಳು ಅವರ ಮುದ್ರೆ ಕಾಯುವವನನ್ನು ವಶಮಾಡಿಕೊಂಡು ಒಂದು ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಅದರ ಮೇಲೆ, ಗವಾನರು ಒಡಿಶಾದ ಅರಸನನ್ನು ದಂಡೆತ್ತಿ ಬರುವಂತೆ ಕರೆದಿದ್ದಾರೆಂಬ ಪತ್ರವನ್ನು ಸೃಷ್ಟಿಸಿ ಸುಲ್ತಾನ್ ಮುಹಮ್ಮದ್ ಷಾನ ಕೈಗಿತ್ತರು. ಮುದ್ರೆ ನಿಜವಾಗಿತ್ತು, ಮಾತು ಸುಳ್ಳಾಗಿತ್ತು. ಸುಲ್ತಾನನು ಪತ್ರ ತಂದವನನ್ನು ವಿಚಾರಿಸಲಿಲ್ಲ, ಒಂದು ರಾತ್ರಿಯಷ್ಟೂ ಕಾಯಲಿಲ್ಲ. 1481ರ ಏಪ್ರಿಲ್‌ನಲ್ಲಿ, ಎಪ್ಪತ್ತು ದಾಟಿದ ಆ ಮುದಿ ಪ್ರಧಾನಿಯ ತಲೆ ಉರುಳಿತು.

ಸತ್ಯ ಬಯಲಾದಾಗ ಕಾಲ ಮಿಂಚಿತ್ತು. ಪಶ್ಚಾತ್ತಾಪದಲ್ಲಿ ಬೆಂದ ಸುಲ್ತಾನನು ಒಂದು ವರ್ಷದೊಳಗೆ ತೀರಿಕೊಂಡನು. ಗವಾನರ ನಂತರ ರಾಜ್ಯವನ್ನು ಹಿಡಿದು ನಿಲ್ಲಿಸುವವರಿಲ್ಲದೆ ಬಹಮನಿ ಸಾಮ್ರಾಜ್ಯ ಐದು ಹೋಳಾಯಿತು. ಪರಿಶೀಲಿಸದೆ ಒಪ್ಪಿದರೆ ಪಶ್ಚಾತ್ತಾಪ ಪಡಬೇಕಾದೀತು ಎಂದು ಕುರ್‌ಆನ್ ಎಚ್ಚರಿಸಿದ್ದು ಇದನ್ನೇ ಅಲ್ಲವೇ? ಆ ಸುಲ್ತಾನನೂ ಈ ವಚನವನ್ನು ಓದಿದ್ದವನೇ ಆಗಿದ್ದಿರಬೇಕು. ನಾವೂ ಓದುತ್ತೇವೆ. ಓದಿ ಮುಗಿಸಿ, ಮೊಬೈಲ್ ಕೈಗೆತ್ತಿಕೊಂಡು, ಮುದ್ರೆ ಕಂಡೊಡನೆ ಮುಂದಕ್ಕೆ ಕಳುಹಿಸುತ್ತೇವೆ.

ಕೊನೆಯದಾಗಿ

ಆ ಬಾಲಕಿಗೆ ಅಂದು ಇಷ್ಟನ್ನೆಲ್ಲ ಹೇಳಲು ಸಮಯವಿರಲಿಲ್ಲ. ಹೊನ್ನಾವರದ ಹದಿಮೂರು ಶಾಲೆಗಳ ಮತ್ತು ಹಂಪಿಯ ಅಹಮದ್ ಖಾನನ ಕಥೆ ಹೇಳಿದೆ. ಮಲಿಕ್ ಕಾಫೂರನ ದಾಳಿಯೂ ನಿಜವೆಂದೆ. ನಿನ್ನ ಗೆಳತಿ ಕೇಳಿದ್ದು ತಪ್ಪಲ್ಲ, ಗೊತ್ತಿದ್ದುದನ್ನು ಹೇಳು, ಗೊತ್ತಿಲ್ಲದ್ದನ್ನು ಇಬ್ಬರೂ ಕೂಡಿ ಓದಿ ಎಂದೆ. ಮುಂದಿನ ಭಾನುವಾರ ಬಂದಾಗ, ಗೆಳತಿಯ ಮನೆಯವರು ಬೇಸಿಗೆ ರಜೆಯಲ್ಲಿ ಹಂಪಿಗೆ ಹೋಗುವರಂತೆ, ಆ ಮಸೀದಿ ಎಲ್ಲಿದೆಯೆಂದು ಅವಳು ಕೇಳಿದಳು ಎಂದು ನಗುತ್ತ ಹೇಳಿದಳು.

ತಂದೆತಾಯಂದಿರಲ್ಲಿ ನನ್ನ ವಿನಂತಿ ಇಷ್ಟೇ. ಮಗು ಚರಿತ್ರೆಯ ಪ್ರಶ್ನೆ ತಂದಾಗ ಅದನ್ನು ಗದರಿ ಸುಮ್ಮನಾಗಿಸಬೇಡಿ. ಉತ್ತರ ತಿಳಿಯದಿದ್ದರೆ ತಿಳಿಯದೆಂದು ಒಪ್ಪಿಕೊಂಡು, ಬಡಾವಣೆಯ ಸಾರ್ವಜನಿಕ ಗ್ರಂಥಾಲಯಕ್ಕೆ ಕೈಹಿಡಿದು ಕರೆದೊಯ್ಯಿರಿ. ಗತಿಸಿದವರ ಲೆಕ್ಕ ಗತಿಸಿದವರಿಗೆ. ಆದರೆ ನಾವು ನಮ್ಮ ಮಕ್ಕಳಿಗೆ ಹೇಳಿದ ಸತ್ಯದ, ಹೇಳಿದ ಸುಳ್ಳಿನ, ಹೇಳದೆ ಬಿಟ್ಟ ಮಾತಿನ ಲೆಕ್ಕವನ್ನು ನಾವೇ ಒಪ್ಪಿಸಬೇಕು.

ಸತ್ಯವನ್ನು ಸತ್ಯವಾಗಿ ಕಾಣುವ, ಅದು ನಮಗೆ ಕಹಿಯಾದರೂ ನುಡಿಯುವ ಶಕ್ತಿಯನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಅನುಗ್ರಹಿಸಲಿ. ಆಮೀನ್.